ಮೀನಿನ ಮೂತಿ ಕೊಳದ ಕಡೆಗೆ

ಬೆಳಗಿನ ಆರೂವರೆ. ಹುಲಿಕೆರೆಯಲ್ಲಿ ಹಾಲಿನ ಡೇರಿ ಮುಂದೆ ಬಿಟ್ಟರೆ ಇನ್ನೆಲ್ಲೂ ಜನರಿಲ್ಲ. ಮರಿಯಣ್ಣ ಮಾತ್ರ ತಮ್ಮ ಅಂಗಡಿ ಮುಂದೆ ಸೈಕಲ್ಲೊಂದನ್ನು ತಲೆಕೆಳಗು ನಿಲ್ಲಿಸಿಕೊಂಡು, ಕುಕ್ಕರಗಾಲಲ್ಲಿ ಕೂತು ಚೈನಿನ ಎರಡು ತುದಿ ಸೇರಿಸುವ ಲಾಕ್ ಹಾಕುತ್ತಿದ್ದಾರೆ. ಹುಣಸೇಬೀಜಕ್ಕಿಂತ ಚಿಕ್ಕ ತಗಡಿನ ಚೂರು ಅದು, ನೋಡೋಕೆ ಥೇಟ್ ಮೀನು. ಒಂದು ತುದಿ ಮುಚ್ಚಿದ ಮೂತಿ, ಇನ್ನೊಂದು ತುದಿ ಸೀಳಿದ ಬಾಲ. ಚೈನ್ ಓಡುವ ದಿಕ್ಕಿಗೆ ಮೂತಿ ಇರಬೇಕು. ತಿರುಗಾಮುರುಗಾ ಆದರೆ ಲಾಕ್ ಕಳಚಿ ಚೈನೇ ಬಿಚ್ಚಿಹೋಗಬಹುದು.

"ಮುಂದೆ ಯಾವುದು, ಹಿಂದೆ ಯಾವುದು ಅಂತ ಹುಡುಕ್ತಾ ಕೂತ್ರೆ ತಲೆ ಕೆಟ್ಟೋಯ್ತದೆ ಸಾ. ತಲೆಕೆಳಗಾದ ಸೈಕಲ್ಲಲ್ಲಿ ಎಲ್ಲಾ ಉಲ್ಟಾ. ಅದಕ್ಕೇ ನಾನು ಕೊಳದ ಕಡೆ ಮೂತಿ ಇಡ್ತೀನಿ. ಮೀನು ನೀರಿಗಲ್ವಾ ಹೋಗೋದು?" ಅನ್ನುತ್ತಾರೆ.

ಹನ್ನೊಂದು ವರ್ಷದಿಂದ ಅವರು ಕೂರುವುದು ಇದೇ ಜಾಗದಲ್ಲಿ, ರಸ್ತೆಗೆ ಮುಖ ಮಾಡಿ. ಊರಿನ ಹಳೇ ಮೆಟ್ಟಿಲ ಕೊಳ ಅವರ ಬಲಗಡೆ, ತಲೆಕೆಳಗಾದ ಸೈಕಲ್ಲಿನ ಮೇಲ್ಗಡೆ ಚೈನ್ ಓಡುವುದೂ ಅತ್ತಲೇ. ಲೆಕ್ಕ ಒಂದು ದಿನವೂ ತಪ್ಪಿಲ್ಲವಂತೆ. ಪೇಪರಿಗೆ ಇವರ ಬಗ್ಗೆ ಬರೆಯಲು ಬಂದ ನಾನೂ ಅದನ್ನೇ ನಂಬಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಮರಿಯಣ್ಣನಿಗೆ ಈಗ ಐವತ್ತೊಂದು. ಅರಸೀಕೆರೆ ಸ್ಟೇಷನ್ ಹತ್ತಿರದ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗಲೇ ಪಟ್ಟಣದವರಿಗೆ ಗೇರ್ ಸೈಕಲ್ಲಿನ ಹುಚ್ಚು ಹತ್ತಿದ್ದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಕಡೆಯ ಮಣ್ಣು ಮೆತ್ತಿ ಗೇರು ಕಚ್ಚಿಕೊಳ್ಳುತ್ತಿತ್ತು, ಸೈಕಲ್ ಗುಜರಿ ಸೇರುತ್ತಿತ್ತು. ಇವರು ಅವನ್ನು ತಂದು ಗೇರೆಲ್ಲ ಕಿತ್ತು, ಹಿಂದೆ ಒಂದೇ ಒಂದು ಹಲ್ಲುಚಕ್ರ, ದಪ್ಪ ಟೈರು, ಗಟ್ಟಿ ಬ್ರೇಕು ಹಾಕಿ ಗುಡ್ಡದ ದಾರಿಗೆ ತಯಾರು ಮಾಡುತ್ತಾರೆ. "ಹದಿನೆಂಟು ಗೇರಿದ್ರೂ ಜನ ತುಳಿಯೋದು ಒಂದ್ರಲ್ಲೇ. ಆ ಒಂದನ್ನ ಸರಿಯಾಗಿ ಕೊಟ್ರೆ ಸಾಕಲ್ವಾ?" ಇದುವರೆಗೆ ನೂರಾ ಹದಿನಾಲ್ಕು ಸೈಕಲ್ ಆಗಿವೆ. ಲೈನ್‌ಮನ್, ಪೋಸ್ಟ್‌ಮನ್, ಗುಡ್ಡದಾಚೆ ಶಾಲೆಯ ಮೇಷ್ಟ್ರು, ಎಲ್ಲರ ಕಾಲಡಿ ಇವರ ಸೈಕಲ್ಲೇ.

ಹೊಸ ಸೈಕಲ್ ಆದರೆ ಊರಾಚೆ ಗುಡ್ಡದ ಕಲ್ಲೇರು ಅನ್ನುವ ಕಡಿದಾದ ಏರನ್ನು ಮೊದಲು ತಾವೇ ಹತ್ತಿಸಿ ನೋಡಬೇಕು. ಗೇರಿಲ್ಲದ ಸೈಕಲ್ಲಲ್ಲಿ ಏರು ಹತ್ತಬೇಕಾದರೆ ಸೀಟು ಬಿಟ್ಟು ನಿಂತು, ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕಬೇಕು. ಆಗ ಚೈನ್ ಬಿಟ್ಟರೆ ಮನುಷ್ಯ ಮುಖ ಅಡಿಯಾಗಿ ಬೀಳುತ್ತಾನೆ. ತೊಂಬತ್ನಾಲ್ಕರಲ್ಲಿ ಮರಿಯಣ್ಣ ಹಾಗೇ ಬಿದ್ದು ಮುಂದಿನ ಎರಡು ಹಲ್ಲು ಕಳಕೊಂಡರು. ಸೈಕಲ್ಲಿಗೆ ಹಲ್ಲು ಕಟ್ಟೋನಿಗೇ ಹಲ್ಲಿಲ್ಲ ಅಂತ ಊರವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಅಷ್ಟರಲ್ಲಿ ಅವರ ಹೆಂಡತಿ ದ್ಯಾವಮ್ಮ ಕಾಫಿ ತರುತ್ತಾರೆ. ನೀರಿನ ಪೈಪ್ ಹಾಕೋರು ಅಂಗಡಿ ಮುಂದೆ ಅಗೆದು ಮುಚ್ಚೋಷ್ಟರಲ್ಲಿ ನಿನ್ನೆಯೆಲ್ಲ ಗೋಳು ಹೊಯ್ಕೊಂಡರು ಅಂತ ನನಗೆ ದೂರು ಹೇಳುತ್ತಾ, ಎದುರುಗಡೆ ಹೊಂಗೆ ಮರದಡಿ ಕೂತು ಕೆಲಸ ಮಾಡಿದ್ರಲ್ಲ, ಬೆನ್ನುನೋವು ಹೋಯ್ತಾ ಅಂತ ಗಂಡನನ್ನು ಕೇಳುತ್ತಾರೆ.

ಮರಿಯಣ್ಣನ ಕೈ ನಿಂತುಬಿಡುತ್ತದೆ.

ರಸ್ತೆಯಾಚೆ ಅಂಗಡಿಗೆ ಮುಖ ಮಾಡಿ ಕೂತರೆ ಕೊಳ ಎಡಗಡೆ ಬರುತ್ತದೆ. ಕೈ ಮಾತ್ರ ಅಭ್ಯಾಸಬಲದಿಂದ ಮೀನನ್ನು ನೀರಿನ ಕಡೆಗೇ ತಿರುಗಿಸಿದೆ. ನಿನ್ನೆ ಬಿಚ್ಚಿ ಹಾಕಿದ್ದು ಒಂದೇ ಚೈನು, ನರ್ಸ್ ಹೇಮಾಶ್ರೀಯವರದ್ದು. ಸಡಿಲಾಗಿದೆ ಅಂತ ಸಂಜೆ ತಂದಿದ್ದರು, ಹಳೇ ಸೈಕಲ್ಲಲ್ವಾ ಅಂತ ಮರಿಯಣ್ಣ ಓಡಿಸಿ ನೋಡದೆ ಕೊಟ್ಟು ಕಳಿಸಿದ್ದಾರೆ. ಸೀರೆ ಸಿಕ್ಕಿಕೊಳ್ಳದಿರಲಿ ಅಂತ ಆ ಸೈಕಲ್ಲಿಗೆ ಇವರೇ ಚೈನ್ ಕವರ್ ಕೂರಿಸಿದ್ದಾರೆ, ಲಾಕ್ ಆಕೆಯ ಕಣ್ಣಿಗೂ ಬೀಳುವುದಿಲ್ಲ. ಆಕೆ ಲಸಿಕೆ ಡಬ್ಬಿ ಕಟ್ಟಿಕೊಂಡು ಹಳೇಬೀಡು ಬಿಡುವುದೇ ಆರೂವರೆಗೆ, ಹೋಗುವುದು ಕಲ್ಲೇರಿನ ಮೇಲೆ. ಏರಿನ ಒಂದು ಮಗ್ಗುಲಿಗೆ ಪಾಳುಬಿದ್ದ ಕಲ್ಲುಕ್ವಾರಿ.

"ಕೆಟ್ಟೆ ಕಣೇ" ಅಂದವರೇ ಡಬ್ಬಿಯಿಂದ ಹೊಸ ಲಾಕೊಂದನ್ನು ಜೇಬಿಗೆ ಹಾಕಿಕೊಂಡು, ಗೋಡೆಗೆ ಒರಗಿದ್ದ ತಮ್ಮ ಸೈಕಲ್ ಹತ್ತುತ್ತಾರೆ. ನಾನು ಸಿಕ್ಕಿದ ಇನ್ನೊಂದನ್ನು ಹತ್ತುತ್ತೇನೆ. ರಸ್ತೆ ಬಿಟ್ಟು ರಾಗಿ ಹೊಲದ ಬದುವಿನ ಮೇಲೆ, ಉಳುಮೆಯ ಹೆಂಟೆಗಳ ಮೇಲೆ ಅವರ ಸೈಕಲ್ ಎಗರುತ್ತಾ ಓಡುತ್ತದೆ. ಒಮ್ಮೆಯೂ ಹಿಂದೆ ನೋಡುವುದಿಲ್ಲ. ಹಾಳಾದ ಸಂದರ್ಶನಕ್ಕೆ ನಾನು ಬಂದಿರದಿದ್ದರೆ ಈ ಮನುಷ್ಯ ಇಷ್ಟು ಹೊತ್ತು ಮಾತಾಡುತ್ತಾ ಕೂರುತ್ತಿರಲಿಲ್ಲ ಅಂದುಕೊಳ್ಳುತ್ತಲೇ ಹಿಂದಿನಿಂದ ತುಳಿಯುತ್ತೇನೆ.

ಕಲ್ಲೇರಿನ ಬುಡ ಮುಟ್ಟಿದಾಗ ಹೇಮಾಶ್ರೀ ಆಗಲೇ ಅರ್ಧ ಏರಿದ್ದಾರೆ. ಸೀಟು ಬಿಟ್ಟು ನಿಂತಿದ್ದಾರೆ.

"ಇಳೀರಮ್ಮಾ! ತುಳೀಬ್ಯಾಡಿ, ಇಳೀರಿ!"

ಆಕೆ ಗಾಬರಿಯಿಂದ ಕಾಲು ಊರುತ್ತಾರೆ. ಮರಿಯಣ್ಣ ಏದುಸಿರು ಬಿಡುತ್ತಾ ಹತ್ತಿ, ಕವರ್ ಬಿಚ್ಚುತ್ತಾರೆ. ಮೀನಿನ ಮೂತಿ ಉಲ್ಟಾ ಇದೆ. ಬಾಲದ ಒಂದು ಸೀಳು ಆಗಲೇ ಚೈನಿನ ಪಿನ್ನಿನಿಂದ ಜಾರಿ ಹೊರಗೆ ಬಂದಿದೆ. ಅದನ್ನು ಕಿತ್ತು ಅಂಗೈಲಿಟ್ಟು ತೋರಿಸಿ, ಏನಾಯಿತು ಅಂತ ಮೊದಲಿಂದ ಕೊನೆವರೆಗೆ ಒಂದನ್ನೂ ಮುಚ್ಚಿಡದೆ ಹೇಳುತ್ತಾರೆ.

ಹೇಮಾಶ್ರೀ ಬಂಡೆ ಮೇಲೆ ಕೂತುಬಿಡುತ್ತಾರೆ. ಕ್ವಾರಿ ಕಡೆ ಒಮ್ಮೆ ನೋಡುತ್ತಾರೆ. "ನನ್ನ ಮಗೂಗಿನ್ನೂ ಎರಡು ವರ್ಷ, ಮರಿಯಣ್ಣ" ಅನ್ನುತ್ತಾರೆ, ಅಷ್ಟೇ. ಬೈದಿದ್ದರೂ ಮರಿಯಣ್ಣನ ಮುಖ ಅಷ್ಟು ಸಣ್ಣಗಾಗುತ್ತಿರಲಿಲ್ಲ.

ಹೊಸ ಲಾಕ್ ಹಾಕುವ ಮುನ್ನ ಮರಿಯಣ್ಣ ಪೆಡಲ್ ತಿರುಗಿಸಿ, ಚೈನ್ ಎತ್ತ ಓಡುತ್ತದೆ ಅಂತ ಬೆರಳಿಟ್ಟು ನೋಡುತ್ತಾರೆ. ಆಮೇಲೆ ಆ ಸೈಕಲ್ಲನ್ನು ಬುಡದಿಂದ ತುದಿವರೆಗೆ ನಿಂತು ತುಳಿದು ಎರಡು ಸಲ ಹತ್ತಿಸುತ್ತಾರೆ. ಹೇಮಾಶ್ರೀ ಸ್ವಲ್ಪ ದೂರ ಸೈಕಲ್ ತಳ್ಳಿಕೊಂಡೇ ನಡೆದು, ತಿರುವಿನಲ್ಲಿ ಕೊನೆಗೂ ಹತ್ತಿ ಕೂರುತ್ತಾರೆ. ಆಕೆ ಮರೆಯಾಗುವವರೆಗೆ ಮರಿಯಣ್ಣ ಅಲ್ಲಾಡುವುದಿಲ್ಲ.

ವಾಪಸ್ ಬರುವಾಗ ನಾನು ಸಮಾಧಾನಕ್ಕೆ, ಇದೊಂದನ್ನ ಬರೆಯೋದಿಲ್ಲ ಬಿಡಿ, ಸುಮ್ಮನೆ ಹೆಸರು ಕೆಡುತ್ತೆ ಅನ್ನುತ್ತೇನೆ. ಮರಿಯಣ್ಣ ಬ್ರೇಕ್ ಹಿಡಿದು ಬದುವಿನ ಮೇಲೇ ನಿಲ್ಲುತ್ತಾರೆ.

"ಬರೀರಿ ಸಾ. ಮೂತಿ ಯಾವ ಕಡೆ ಇರಬೇಕು ಅನ್ನೋದನ್ನೂ ಬರೀರಿ. ಪೇಪರ್ ಓದಿದೋರು ಒಂದ್ಸಲ ಬಗ್ಗಿ ಅವರವರ ಚೈನ್ ನೋಡ್ಕತಾರೆ. ಬರೀ ನನ್ನ ಹೊಗಳಿದ್ರೆ ಯಾರು ಬಗ್ತಾರೆ?"