ತಂತಿ ಸುತ್ತದ ಮೀಟರಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ಮೀಟರಕ್ಕ ಅಂಗಡಿ ಬಾಗಿಲು ತೆಗೆದವಳೇ ಮೊದಲು ತಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಅವನ ಅಂಗಿಗೆ ಗುಂಡಿ ಹಾಕುತ್ತಾಳೆ. ಸುಟ್ಟು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನು ಬೀದಿ ನೋಡುತ್ತಾನೆ. ಆಮೇಲೆ ಅವಳು ನಿನ್ನೆ ರಿಪೇರಿಗೆ ಬಂದ ಮಲ್ಟಿಮೀಟರಿನ ಬೆನ್ನು ಬಿಚ್ಚುತ್ತಾಳೆ.

ಎಲೆಕ್ಟ್ರಿಷಿಯನ್ನರು ಕರೆಂಟು, ವೋಲ್ಟೇಜ್ ಅಳೆಯುವ ಈ ಮೀಟರುಗಳ ಹೊಟ್ಟೆಯಲ್ಲಿ ಒಂದು ಪುಟ್ಟ ಫ್ಯೂಸ್ ಇರುತ್ತದೆ. ಕೆಂಪು ವಯರನ್ನು ಕರೆಂಟು ಅಳೆಯುವ ಆಂಪಿಯರ್ ತೂತಿನಲ್ಲೇ ಮರೆತು, ವೋಲ್ಟೇಜ್ ನೋಡಲು ಮೇನ್ ಲೈನಿಗೆ ಮುಟ್ಟಿಸಿದರೆ ಕರೆಂಟು ಒಮ್ಮೆಗೇ ಒಳಗೆ ನುಗ್ಗುತ್ತದೆ. ಫ್ಯೂಸ್ ತಾನು ಸುಟ್ಟು, ಹಿಡಿದವನ ಕೈ ಉಳಿಸುತ್ತದೆ. ಪಳಗಿದವರೂ ಅವಸರದಲ್ಲಿ ಮಾಡುವ ತಪ್ಪು ಇದು. "ಸರಿಯಾದ ಫ್ಯೂಸ್ ಸಿಗೋದು ತಡ. ಅದಕ್ಕೇ ಅದರ ಜಾಗಕ್ಕೆ ತಾಮ್ರದ ಎಳೆ ಸುತ್ತಿಬಿಡ್ತಾರೆ. ಮೀಟರ್ ಏನೋ ಓಡುತ್ತೆ, ತಪ್ಪಾದಾಗ ಆ ಎಳೆ ಸುಡಲ್ಲ, ಕೈ ಸುಡುತ್ತೆ," ಎಂದು ಅವಳ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾಳೆ ಅಕ್ಕ. ಅವಳ ಹತ್ತಿರ ಹೋದರೆ ರಿಪೇರಿ ಜೊತೆ ಬೈಗುಳ ಪುಕ್ಕಟೆ ಎಂದು ಬೀದಿಯವರು ನಗುತ್ತಾರೆ. ಆದರೆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ತಮ್ಮನ ಕೈ ಹೋಗಿದ್ದೂ ಹಾಗೇ. ಅಂದು ತನ್ನ ಮೀಟರು ಮನೆಯಲ್ಲೇ ಬಿಟ್ಟು, ಜೊತೆಗೆ ಕೆಲಸ ಮಾಡುವ ಗೆಳೆಯನದನ್ನು ಇಸಿದುಕೊಂಡಿದ್ದ. ಅದರೊಳಗೆ ಫ್ಯೂಸ್ ಬದಲು ತಂತಿ ಇತ್ತು. ಅವಸರದಲ್ಲಿ ಅವನೂ ಅದೇ ತಪ್ಪು ಮಾಡಿದ. ಮೀಟರು ಕೈಯಲ್ಲೇ ಸಿಡಿಯಿತು. ಆಸ್ಪತ್ರೆಯಲ್ಲಿ ಆ ಗೆಳೆಯ ಬಿಕ್ಕಿ ಬಿಕ್ಕಿ ಅತ್ತಿದ್ದ.

ಈ ಬೆಳಗ್ಗೆ ಅಂಗಡಿಗೆ ಮೊದಲು ಬರುವವನೂ ಆ ಗೆಳೆಯನೇ.

"ಅಕ್ಕಾ, ಹೋದ ತಿಂಗಳು ನೀವೇ ಹಾಕಿಕೊಟ್ಟ ಫ್ಯೂಸು. ಆಗ್ಲೇ ಸುಟ್ಟೋಯ್ತು," ಎಂದು ಮುಖ ಗಂಟಿಕ್ಕುತ್ತಾನೆ.

"ಅದು ಸುಟ್ಟಿದ್ದಕ್ಕೇ ನೀನು ಉಳಿದು ಬೈಯೋಕೆ ಬಂದಿದೀಯ. ಸಂಜೆ ಬಾ, ತರಿಸಿ ಹಾಕ್ತೀನಿ."

"ಅಲ್ಲೀತನಕ ಕೈಕಟ್ಟಿ ಕೂರಲಾ? ಒಂದೆಳೆ ಸುತ್ತಿಕೊಡಿ. ಇವತ್ತಿಗೆ ಮಾತ್ರ."

ತಮ್ಮ ಕುರ್ಚಿಯಿಂದ ಏಳುತ್ತಾನೆ. ಎರಡೂ ಕೈಗಳನ್ನು ಗೆಳೆಯನ ಮುಂದೆ ಚಾಚುತ್ತಾನೆ. ಗೆಳೆಯ ನೆಲ ನೋಡುತ್ತಲೇ ಮೀಟರು ಎತ್ತಿಕೊಂಡು ಎದುರಿನ ರಿಪೇರಿ ಅಂಗಡಿಗೆ ಹೋಗುತ್ತಾನೆ. ಅಕ್ಕ ತಮ್ಮನನ್ನು ಮತ್ತೆ ಕೂರಿಸುವಷ್ಟರಲ್ಲಿ ಅಲ್ಲಿಂದ ಹೊರಬಂದು ಸೈಕಲ್ ಹತ್ತುತ್ತಾನೆ. ಅಷ್ಟು ಬೇಗ ಆಗುವುದು ತಂತಿ ಸುತ್ತುವ ಕೆಲಸ ಒಂದೇ ಎಂದು ಅವಳಿಗೆ ಗೊತ್ತು. ಎಷ್ಟು ಹೇಳಿದರೂ ಅಷ್ಟೇ ಎನಿಸಿ ಸ್ಕ್ರೂಡ್ರೈವರ್ ಕೆಳಗಿಡುತ್ತಾಳೆ.

ನಿಮಗೇನಾದರೂ ಆಸೆ ಇದೆಯೇ ಎಂದು ನಾನು ಕೇಳುತ್ತೇನೆ.

"ಫ್ಯೂಸ್ ಸುಟ್ಟೋಯ್ತು ಅಂತ ಅವನು ಇನ್ನೊಂದ್ಸಲ ಬಂದು ನನ್ನ ಬೈಬೇಕು. ಅಷ್ಟೇ," ಎನ್ನುತ್ತಾಳೆ. ಕಣ್ಣು ಸೈಕಲ್ ಹೋದ ದಾರಿಯಲ್ಲೇ ಇದೆ. "ಆದ್ರೆ ಈಗ ಅದರಲ್ಲಿ ಸುಡೋಕೆ ಫ್ಯೂಸೇ ಇಲ್ವಲ್ಲ."