ಚಿಕ್ಕಮ್ಮನ ವೀಸಾಕ್ಕೆ ಎರಡನೇ ಹೆಸರು

ಕೇರಳದ ಸುಲ್ತಾನ್ ಬತ್ತೇರಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ನನ್ನ ಚಿಕ್ಕಮ್ಮ ಮಾದಮ್ಮ. ದುಬೈನಲ್ಲಿ ನರ್ಸ್ ಆಗಿರುವ ಅವರ ಮಗಳಿಗೆ ಹೆಣ್ಣು ಮಗುವಾಗಿದೆ. ನೋಡಿಕೊಂಡು ಬರಲು ನಾವಿಬ್ಬರೂ ಟೂರಿಸ್ಟ್ ವೀಸಾದಲ್ಲಿ ಹೊರಟಿದ್ದೇವೆ.

ಚಿಕ್ಕಮ್ಮನ ಪಾಸ್‌ಪೋರ್ಟ್ ಬಿಡಿಸಿ ನೋಡಿದ ಆಫೀಸಿನ ಹೆಂಗಸಿನ ಮುಖ ಸಪ್ಪಗಾಯಿತು.

"ಚೇಚಿ, ಇದರಲ್ಲಿ ಬರೀ ಮಾದಮ್ಮ ಅಂತಿದೆ. ಒಂದೇ ಹೆಸರಿದ್ದರೆ ಆ ದೇಶದೊಳಗೆ ಬಿಡುವುದಿಲ್ಲ," ಎಂದಳು ಮಲಯಾಳದಲ್ಲಿ, ಚಿಕ್ಕಮ್ಮನನ್ನು ಅಕ್ಕ ಎಂದು ಕರೆಯುತ್ತಾ.

ಇಂಥದ್ದೊಂದು ನಿಯಮವಿರುವುದು ನನಗೆ ಗೊತ್ತೇ ಇರಲಿಲ್ಲ. ಚಿಕ್ಕಮ್ಮ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನಮ್ಮ ಕಡೆ ಹೆಣ್ಮಕ್ಕಳಿಗೆ ಎರಡೆರಡು ಹೆಸರು ಯಾರು ಇಡ್ತಾರೆ ಮಗಾ? ಕೂಸಿನ ಮುಖ ನೋಡೋ ಯೋಗ ನಂಗಿಲ್ವೇನೋ," ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹೆಂಗಸು ಯಾರಿಗೋ ಫೋನ್ ಮಾಡಿ ವಿಚಾರಿಸಿದಳು. ಮಾತಾಡುತ್ತಲೇ ಪಾಸ್‌ಪೋರ್ಟಿನ ಕೊನೆಯ ಪುಟ ತೆರೆದವಳು ಫೋನಿಟ್ಟು ನಕ್ಕಳು.

"ಇಲ್ಲಿ ನಿಮ್ಮ ಅಚ್ಛನ ಹೆಸರಿದೆಯಲ್ಲ! ಅದನ್ನೇ ಎರಡನೇ ಹೆಸರು ಅಂತ ಒಪ್ಪುತ್ತಾರಂತೆ. ಹೆದರಬೇಡಿ ಚೇಚಿ, ಹೋಗಬಹುದು."

ಚಿಕ್ಕಮ್ಮನಿಗೆ ಇಂಗ್ಲಿಷ್ ಓದಲು ಬಾರದು.

"ಎಲ್ಲೈತೆ ನಮ್ಮಪ್ಪನ ಹೆಸರು, ತೋರ್ಸು," ಎಂದರು.

ಬೊಮ್ಮೇಗೌಡ ಎಂದಿದ್ದ ಕಡೆ ಬೆರಳಿಟ್ಟೆ. ಅವರು ಆ ಅಕ್ಷರಗಳನ್ನು ಮೆಲ್ಲಗೆ ಸವರಿದರು.

"ಗುಂಡ್ಲುಪೇಟೆ ಸಂತೆಯಿಂದಾಚೆಗೆ ಹೋದೋನಲ್ಲ ನಮ್ಮಪ್ಪ," ಎಂದು ಕಣ್ಣೊರೆಸಿಕೊಂಡು ನಕ್ಕರು. "ಈಗ ನೋಡು, ಮಗಳ ಕೈ ಹಿಡ್ಕೊಂಡು ದುಬೈಗೆ ಹೊರಟವ್ನೆ."