ದೀರ್ಘವಿಲ್ಲದ ಡಬ್ಬಿ
ನಿಪ್ಪಾಣಿಯ ಪಾತ್ರೆ-ಭಾಂಡೆ ಅಂಗಡಿಯ ಶೇವಂತಾಬಾಯಿಗೆ ಸ್ಟೀಲು ಮಾರುವುದಕ್ಕಿಂತ ಅದರ ಗುಣ ಹೇಳುವುದೇ ದೊಡ್ಡ ವ್ಯಾಪಾರ. ಗಿರಾಕಿ ಡಬ್ಬಿ ಎತ್ತಿದರೆ ಸಾಕು, ಬೆರಳ ಗೆಣ್ಣಿನಿಂದ ಟಣ್ಣೆನಿಸಿ, ಕಿವಿಗೊಟ್ಟು, ನಾಡಿ ನೋಡುವ ವೈದ್ಯರಂತೆ ತಲೆಯಾಡಿಸುತ್ತಾಳೆ. ಮದುವೆಯ ಭಾಂಡೆ ಕೊಳ್ಳಲು ಬಂದ ಯಾವ ಹುಡುಗಿಯೂ ಅವಳ ಬುದ್ಧಿಮಾತು ಕೇಳದೆ ಮೆಟ್ಟಿಲು ಇಳಿಯುವಂತಿಲ್ಲ. "ಇದರಾಗ ಉಪ್ಪ ಮಾತ್ರ ಇಡಬ್ಯಾಡ ತಂಗಿ. ಕಬ್ಬಿಣಾದ್ರ ಜಂಗ ಹಿಡದು, ಕೆಂಪಾಗಿ ಮೊದಲ ಹೇಳತೈತಿ. ಸ್ಟೀಲ್ ಹಂಗಲ್ಲ. ಮ್ಯಾಲ ಫಳಫಳ ಅಂತಿರತೈತಿ, ಒಳಗಿಂದೊಳಗ ಸೀಳತೈತಿ." ಕೇಳದೆ ಸೀಳಿಸಿಕೊಂಡು ಬಂದವರಿಗೆ ಬೈಗುಳ ಪುಕ್ಕಟೆ, ಹಳೆಯದನ್ನು ತೂಕಕ್ಕೆ ಹಾಕಿಕೊಂಡು ಹೊಸದನ್ನು ಕೊಡುತ್ತಾಳೆ. ಅರ್ಧ ನಿಪ್ಪಾಣಿ ಉಪ್ಪನ್ನು ಭರಣಿಗೆ ಸಾಗಿಸಿದ್ದು ಅವಳ ಬಾಯಿಗೆ ಅಂಜಿಯೇ. ಆದರೆ ಅವಳ ಅಡುಗೆಮನೆಯಲ್ಲಿ ಉಪ್ಪಿರುವುದು ಸ್ಟೀಲಿನ ಡಬ್ಬಿಯಲ್ಲಿ. ಮರಾಠಿ ಸಾಲೆ ಕಲಿತ ಗಂಡ ಸಂಗ್ರಾಮ, ಮದುವೆಯಾದ ಹೊಸದರಲ್ಲಿ, ಹೆಸರು ಹಾಕುವ ಮಶೀನು ಹಿಡಿದು ಅದರ ಮೇಲೆ ಕನ್ನಡದಲ್ಲಿ 'ಶೇವಂತ' ಎಂದು ಬರೆದಿದ್ದ. "ದೀರ್ಘ ಎಲ್ಲಿ ಹೋತ್ರಿ? ನನ್ನ ಗಂಡಸು ಮಾಡಿಬಿಟ್ರಲ್ಲ" ಎಂದು ಅವಳು ನಕ್ಕಿದ್ದಳು. "ತಡಿ ಗ, ನಾಳೆ ಹಾಕತೇನಿ" ಎಂದು ಮರಾಠಿ ಧಾಟಿಯಲ್ಲಿ ಹೇಳಿ ಅದಕ್ಕೆ ಉಪ್ಪು ತುಂಬಿಟ್ಟವನೂ ಅವನೇ. ಅವನು ತೀರಿಹೋಗಿ ಎಷ್ಟೋ ಮಳೆಗಾಲ ಕಳೆದವು. ಡಬ್ಬಿಯ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಬಿಟ್ಟಿದೆ; ಮಳೆಯ ತೇವ ಹಿಡಿದ ದಿನ ಅಲ್ಲಿಂದ ಉಪ್ಪುನೀರು ಜಿನುಗಿ ಹೆಸರಿನ ಮೇಲೆ ಇಳಿಯುತ್ತದೆ. ಶೇವಂತಾಬಾಯಿ ಸೆರಗಿನಿಂದ ಒರೆಸುತ್ತಾಳೆ. ಕೊನೆಯ ಅಕ್ಷರದ ಮುಂದಿನ ಖಾಲಿ ಜಾಗದಲ್ಲಿ ಬೆರಳು ಕೊಂಚ ಹೊತ್ತು ನಿಲ್ಲುತ್ತದೆ. ದಿನವಿಡೀ ಊರವರ ಹೆಸರು ಹಾಕಿಕೊಡುವ ಅದೇ ಮಶೀನನ್ನು ಅವಳು ಆ ಡಬ್ಬಿಗೆ ಮಾತ್ರ ತಾಗಿಸಿಲ್ಲ. ನಾಳೆ ಹಾಕುತ್ತೇನೆ ಎಂದಿದ್ದಾನಲ್ಲ.